ಕಿವಿಯೊಳಗಿನ ಜೀರುಂಡೆ

ಸಂಪಾಜೆಯನ್ನು ಬಲ್ಲವರಿಗೆ ಅದರ ಪರಿಚಯ ಬೇಕಾಗಿಲ್ಲ. ಅರಿಯದವರಿಗೆ ಇಷ್ಟು ಹೇಳಿದರೆ ಸಾಕು: ಮಂಗಳೂರಿನ ಕಡೆಯಿಂದ ಬರುವ ಹೆದ್ದಾರಿ ಸುಳ್ಯವನ್ನು ದಾಟಿ, ಅರಂತೋಡು, ಕಲ್ಲುಗುಂಡಿಗಳನ್ನು ಹಿಂದಿಕ್ಕಿ, ಮಡಿಕೇರಿಯ ಘಟ್ಟವನ್ನೇರುವುದಕ್ಕೆ ಮೊದಲು ಒಮ್ಮೆ ದಣಿವಾರಿಸಿಕೊಳ್ಳುವ ಊರು ಅದು. ಹೆಸರು ಒಂದೇ ಆದರೂ ಸಂಪಾಜೆ ಎರಡುಂಟು. ಒಂದು ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದು. ಮುಂದೆ ಕಾಸರಗೋಡಿನ ನೆಲದಲ್ಲಿ ಚಂದ್ರಗಿರಿಯೆಂದು ಹೆಸರು ಪಡೆದು ಕಡಲನ್ನು ಸೇರುವ ಪಯಸ್ವಿನಿ ಇಲ್ಲಿ ಇನ್ನೂ ಬಂಡೆಗಳ ನಡುವೆ ಆಡಿಕೊಂಡಿರುವ ಹೊಳೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ನಿಶ್ಶಬ್ದವೆಂದರೆ ಏನೂ ಕೇಳಿಸದಿರುವುದು ಎಂಬ ಭಾವನೆ ಇರುವುದಿಲ್ಲ. ಹೊಳೆಯ ಮೊರೆತ, ಘಟ್ಟ ಹತ್ತುವ ಲಾರಿಗಳ ನರಳಾಟ, ಸಂಜೆಯಾಗುತ್ತಲೇ ಕಾಡಿನ ಅಂಚಿನಿಂದ ಏಳುವ ಜೀರುಂಡೆಗಳ ಏಕಸ್ವರ, ಮಳೆ ನಿಂತು ಗಂಟೆಯಾದರೂ ಅಡಿಕೆಯ ಸೋಗೆಗಳಿಂದ ತೊಟ್ಟಿಕ್ಕುವ ಹನಿ, ಇವೆಲ್ಲ ಸೇರಿದ್ದೇ ನಮ್ಮ ನಿಶ್ಶಬ್ದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡ ಪಾಠ ಹೇಳಿ, ನಿವೃತ್ತನಾಗಿ ಮನೆಗೆ ಬಂದಾಗ ನಾನು ಆಶಿಸಿದ್ದು ಈ ನಿಶ್ಶಬ್ದವನ್ನೇ.

2017ರ ಜನವರಿಯ ಒಂದು ರಾತ್ರಿ. ಚಳಿ ಇತ್ತು, ಹೊಳೆ ಸಣ್ಣಗಾಗಿತ್ತು. ಮಲಗುವ ಮುನ್ನ ಎಲ್ಲಿಯೋ ಸಣ್ಣಗೆ 'ಕ್ಷೀ' ಎಂದು ಎಳೆಯುತ್ತಿದ್ದುದು ಕೇಳಿಸಿತು. ತೋಟಕ್ಕೆ ನೀರು ಬಿಡುವ ಪಂಪನ್ನು ನಿಲ್ಲಿಸಲು ಮರೆತಿದ್ದೇನೆಂದುಕೊಂಡೆ. ಟಾರ್ಚು ಹಿಡಿದು ಕೆರೆಯ ಬಳಿಗೆ ಇಳಿದು ಹೋದೆ. ಪಂಪು ನಿಂತಿತ್ತು. ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಹಿಂದಿರುಗಿ ಬಂದರೆ ಸದ್ದು ನನ್ನೊಡನೆಯೇ ಬಂದಿತು. ಮನೆಯಾಕೆ ಬಾಗಿಲಲ್ಲಿ ನಿಂತು, "ಎಂತ, ಪಂಪು ನಿಲ್ಲಿಸಲಿಲ್ಲವಾ?" ಎಂದಳು. "ನಿನಗೂ ಕೇಳ್ತದಾ?" ಎಂದು ಆತುರದಿಂದ ಕೇಳಿದೆ. "ಇಲ್ಲಪ್ಪ, ನೀವು ಹೋದದ್ದು ನೋಡಿ ಕೇಳಿದ್ದು" ಎಂದಳು. ಎರಡು ಕಿವಿಗಳನ್ನೂ ಅಂಗೈಯಿಂದ ಒತ್ತಿ ಮುಚ್ಚಿದೆ. ಊರೆಲ್ಲ ಅಳಿಸಿಹೋಯಿತು, ಆ ಸದ್ದು ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಉಳಿಯಿತು.

ಕಿವಿಯ ಮೊರೆತ ಎಂದರೆ ಏನೆಂದು ನಾನು ಅರಿತದ್ದು ಹೀಗೆ. ಅದು ಅದೇ ರಾತ್ರಿ ಆರಂಭವಾಯಿತೋ, ಅಥವಾ ಎಷ್ಟೋ ಕಾಲದಿಂದ ಜೀರುಂಡೆಗಳ ಗುಂಪಿನಲ್ಲಿ ತಲೆಮರೆಸಿಕೊಂಡಿತ್ತೋ, ಇಂದಿಗೂ ಹೇಳಲಾರೆ. ಹೊರಗಿನ ಜೀರುಂಡೆಯೆಂದು ಎಣಿಸಿದ್ದಷ್ಟು ಕಾಲ ಅದು ನನಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಗುರುತು ಹಾಕಿಡುತ್ತೇನೆ. ಈ ಮಾತಿಗೆ ಮುಂದೆ ಮರಳಿ ಬರಬೇಕಾದೀತು.

ಮರುದಿನದಿಂದ ಮದ್ದುಗಳು ಆರಂಭವಾದವು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯಿಂದ ಹಿಡಿದು ಮೂಗು ಮುಚ್ಚಿ ಉಸಿರು ಬಿಗಿಯುವುದರವರೆಗೆ ನೆರೆಹೊರೆಯವರು ಹೇಳಿದ್ದೆಲ್ಲವನ್ನೂ ಮಾಡಿದೆ. (ಎಣ್ಣೆಯನ್ನು ಕಿವಿಗೆ ಬಿಡಬಾರದೆಂದು ಆಮೇಲೆ ತಿಳಿಯಿತು, ಓದುಗರು ಈ ವಿಷಯದಲ್ಲಿ ನನ್ನನ್ನು ಅನುಸರಿಸದಿರಲಿ.) ಕೊನೆಗೆ ಪೇಟೆಯ ಒಬ್ಬ ವೈದ್ಯರಲ್ಲಿಗೆ ಹೋದೆ. ಅವರು ಕಿವಿಯೊಳಕ್ಕೆ ಬೆಳಕು ಬಿಟ್ಟು ನೋಡಿ, ಚೀಟಿಯ ಮೇಲೆ ಏನನ್ನೋ ಗೀಚುತ್ತ, "ವಯಸ್ಸಿನದು. ಇದಕ್ಕೆ ಮದ್ದಿಲ್ಲ. ಸಾಯುವವರೆಗೂ ಇರುತ್ತದೆ, ಅಭ್ಯಾಸ ಮಾಡಿಕೊಳ್ಳಿ" ಎಂದರು. ಹೊರಗೆ ಇಪ್ಪತ್ತು ಜನ ಕಾದಿದ್ದರು, ಅವರನ್ನು ದೂರಲಾರೆ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ನಿಜವಾದ ಮಾತೂ ಒಮ್ಮೊಮ್ಮೆ ರೋಗವನ್ನು ಬೆಳೆಸುತ್ತದೆ. ಬಸ್ಸಿನಲ್ಲಿ ಮರಳುವಾಗ ಎಂಜಿನ್ನಿನ ಅಬ್ಬರದ ನಡುವೆಯೂ ನಾನು ಆ ಸದ್ದನ್ನು ಹುಡುಕುತ್ತಿದ್ದೆ. ಸಿಕ್ಕಿದರೆ ಸಂಕಟ, ಸಿಗದಿದ್ದರೆ, ಎಲ್ಲಿ ಹೋಯಿತೆಂಬ ಇನ್ನೊಂದು ಬಗೆಯ ಕಳವಳ.

ಇದಿಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ವಯಸ್ಸಾದವರ ಕಿವಿ ಗುಂಯ್‌ಗುಡುವುದು ಹೊಸ ಸುದ್ದಿಯಲ್ಲ. 2018ರ ಆಗಸ್ಟ್ ತಿಂಗಳು ಬಂದಿತು.

ಆ ಮಳೆಯನ್ನು ಕಂಡವರಿಗೆ ವರ್ಣನೆ ಬೇಡ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ತಿಂಗಳ ನಡುವಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳ ಕಡೆ ಗುಡ್ಡಗಳು ಕುಸಿದವು. ಮನೆಗಳು, ತೋಟಗಳು, ಮನುಷ್ಯರು ಮಣ್ಣಿನಡಿ ಹೋದರು. ಘಟ್ಟದ ರಸ್ತೆ ತುಂಡಾಯಿತು. ನಮ್ಮ ಕಡೆಯ ಶಾಲೆ, ಸಭಾಭವನಗಳು ಪರಿಹಾರ ಕೇಂದ್ರಗಳಾದವು. ಬದುಕಿ ಬಂದವರು ಹೇಳಿದ ಮಾತುಗಳಲ್ಲಿ ಒಂದು ಸಮಾನವಾಗಿತ್ತು: ಮೊದಲು ಸದ್ದು ಬಂತು. ಒಬ್ಬರು ವಿಮಾನದಂತೆ ಎಂದರು. ಒಬ್ಬರು ಹೊಳೆ ತಿರುಗಿ ಮೇಲಕ್ಕೆ ಹರಿದಂತೆ ಎಂದರು. ಒಬ್ಬ ಮುದುಕ, ಕೇಂದ್ರದ ಜಗಲಿಯ ಮೇಲೆ ಕುಳಿತು ಗಂಜಿಯ ಬಟ್ಟಲನ್ನು ಮುಟ್ಟದೆ, "ಸಣ್ಣಕೆ ಶುರುವಾದ್ದು ಮಾಸ್ಟ್ರೇ, ಜೀರುಂಡೆ ಹಾಗೆ; ನಾವು ಗುಮಾನಿ ಮಾಡ್ಲಿಲ್ಲ" ಎಂದ. ಅವನು ಕೇಳಿದ್ದು ನಿಜವಾಗಿ ಗುಡ್ಡದ್ದೇ ಆಗಿತ್ತೋ, ಭಯವು ಹಿಂದಿನ ನೆನಪಿಗೆ ಬಳಿದ ಬಣ್ಣವೋ, ಯಾರು ಹೇಳಬಲ್ಲರು? ನನಗೆ ಮಾತ್ರ ಆ ಮಾತು ಮುಳ್ಳಿನಂತೆ ನೆಟ್ಟಿತು.

ಅಂದಿನಿಂದ ನನ್ನ ಕಿವಿಯ ಸದ್ದಿಗೆ ಒಂದು ಅರ್ಥ ಬಂದುಬಿಟ್ಟಿತು. ಮಳೆಯ ರಾತ್ರಿಗಳಲ್ಲಿ ಎರಡು ಗಂಟೆಗೋ ಮೂರಕ್ಕೋ ಎಚ್ಚರವಾಗುವುದು, ಸದ್ದು ಇರುವುದು, ಇದು ನನ್ನದೋ ಗುಡ್ಡದ್ದೋ ಎಂಬ ಸಂಶಯ, ಕೊಡೆ, ಟಾರ್ಚು ಹಿಡಿದು ಅಂಗಳಕ್ಕೆ ಇಳಿಯುವುದು, ಮನೆಯ ಹಿಂದಣ ಬರೆಗೆ ಬೆಳಕು ಬಿಟ್ಟು ನೋಡುವುದು, ಮಣ್ಣಿನಲ್ಲಿ ಕಿವಿಯಿಡುವ ಹುಚ್ಚನ್ನೂ ಒಂದೆರಡು ಸಲ ಮಾಡಿದ್ದೇನೆ. ಮನೆಯಾಕೆ ಮೊದಮೊದಲು ಎದ್ದು ಬರುತ್ತಿದ್ದಳು. ಆಮೇಲೆ ಬರುವುದನ್ನು ಬಿಟ್ಟಳು, ಆದರೆ ನಿದ್ರಿಸುತ್ತಿರಲಿಲ್ಲ. ಹೀಗೆ ಎರಡು ಮಳೆಗಾಲಗಳು ಕಳೆದವು. ನನ್ನ ತೂಕ ಇಳಿಯಿತು, ಮಾತು ಒರಟಾಯಿತು. ಮಗಳು ಬೆಂಗಳೂರಿನಿಂದ ಫೋನಿನಲ್ಲಿ, "ಅಪ್ಪ, ಆ ಮನೆ ಬಿಟ್ಟು ಬನ್ನಿ" ಎಂದಳು. ಬಿಡುವುದೇನೋ ಸಾಧ್ಯವಿತ್ತು. ಹಳದಿ ಎಲೆ ರೋಗ ತಗಲಿದ ತೋಟದಲ್ಲಿ ಉಳಿದಿದ್ದೂ ಅಷ್ಟಕ್ಕಷ್ಟೆ. ಆದರೆ ಪಂಪಿನ ಬಳಿಯಿಂದ ನನ್ನ ಹಿಂದೆಯೇ ಬಂದ ಆ ಸದ್ದು ಬೆಂಗಳೂರಿಗೆ ಬಾರದೆ ಇದ್ದೀತೇ?

ಆಕೆಯ ಒತ್ತಾಯಕ್ಕೆ ಮಣಿದು ಕಡೆಗೆ ಒಬ್ಬ ಶ್ರವಣತಜ್ಞೆಯನ್ನು ಕಂಡೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಕಲಿತು ಬಂದ ತರುಣಿ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೆತ್ತೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಒಂದೊಂದೇ ಸ್ವರವನ್ನು ಕೇಳಿಸಿ, ನನ್ನ ಸದ್ದಿಗೆ ಹೋಲುವುದನ್ನು ಹುಡುಕಿದಳು. ಸೆಕೆಂಡಿಗೆ 6000 ಕಂಪನಗಳ ಸುಮಾರಿನಲ್ಲಿ ಅದು ಸಿಕ್ಕಿತು. ಆ ಸ್ವರವನ್ನು ಹೊರಗಿನಿಂದ ಕೇಳಿಸಿದಾಗ, ಇಷ್ಟು ದಿನ ಕಾಡಿದ ಕಳ್ಳನ ಮುಖವನ್ನು ಹಗಲಿನಲ್ಲಿ ಕಂಡಂತಾಯಿತು. ಬಳಿಕ ಅದರ ಪ್ರಮಾಣವನ್ನು ಅಳೆದಳು. ನನಗೆ ಕೇಳಿಸಬಲ್ಲ ಅತ್ಯಂತ ಕ್ಷೀಣ ಧ್ವನಿಗಿಂತ 6 ಡೆಸಿಬಲ್ ಹೆಚ್ಚು.

"ಆರೇ?" ಎಂದೆ. ಯಂತ್ರ ಕೆಟ್ಟಿದೆಯೆಂದೇ ನನ್ನ ಭಾವನೆ.

"ಹೆಚ್ಚಿನವರಲ್ಲಿ ಇಷ್ಟೇ ಸರ್, ಹತ್ತರೊಳಗೇ" ಎಂದಳು. ಮತ್ತೆ ಸ್ವಲ್ಪ ತಡೆದು, "ಇದೇ ಅಳತೆಯ ಸದ್ದಿದ್ದು, ಇದೆಯೆಂಬ ಗೊಡವೆಯೇ ಇಲ್ಲದೆ ಓಡಾಡುವವರೂ ಇದ್ದಾರೆ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರೂ ಇದ್ದಾರೆ. ಅಳತೆ ನೋಡಿ ಯಾರು ಯಾರೆಂದು ಹೇಳುವುದಕ್ಕೆ ನಮಗೆ ಆಗುವುದಿಲ್ಲ" ಎಂದಳು.

ಈ ಒಂದು ಮಾತು ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿತು. ಹೊರಗಿನಿಂದ ಬಂದಿದ್ದರೆ ಪಿಸುಮಾತೆಂದು ಕೂಡ ನಾನು ಎಣಿಸದಿದ್ದ ಒಂದು ಎಳೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಮಳೆಯಲ್ಲಿ ನಿಲ್ಲಿಸುತ್ತಿದ್ದುದು ಹೇಗೆ?

ಆಕೆ ಕೊಟ್ಟ ವಿವರಣೆಯನ್ನೂ ಆಮೇಲೆ ನಾನೇ ಓದಿ ತಿಳಿದುದನ್ನೂ ಕೂಡಿಸಿ ಹೇಳುತ್ತೇನೆ. ಒಳಗಿವಿಯ ಶಂಖದಾಕಾರದ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಧ್ವನಿಯ ಅಲೆಗೆ ಇವು ಬಾಗಿ, ನರಕ್ಕೆ ಸುದ್ದಿ ಕಳುಹಿಸುತ್ತವೆ. ವಯಸ್ಸಿನಿಂದಲೋ ಅಬ್ಬರದಿಂದಲೋ ಸತ್ತವು ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಸಾಮಾನ್ಯವಾಗಿ ಮೊದಲು ಅಳಿಯುವವು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಅತ್ತ ಮಿದುಳಿನಲ್ಲಿ ಆ ಸ್ವರಗಳಿಗಾಗಿ ಕಾದು ಕುಳಿತ ಭಾಗವಿದೆ. ಸುದ್ದಿ ಬಾರದಿದ್ದಾಗ ಅದು ಸುಮ್ಮನಿರುವುದಿಲ್ಲ. ದೂರದ ನಿಲಯವನ್ನು ಹಿಡಿಯಲು ಹಳೆಯ ಕಾಲದ ರೇಡಿಯೋದ ಗುಂಡಿಯನ್ನು ತಿರುಗಿಸಿ ತಿರುಗಿಸಿ ಏರಿಸಿದಂತೆ ತನ್ನ ಗ್ರಹಣವನ್ನು ತಾನೇ ಏರಿಸಿಕೊಳ್ಳುತ್ತದೆ. ನಿಲಯ ಸಿಗದೆ ಬರಿಯ 'ಶ್' ಎಂಬುದು ಕೇಳುತ್ತದೆ. ಕೈ ಕತ್ತರಿಸಿ ಹೋದವನಿಗೆ ಇಲ್ಲದ ಬೆರಳು ನೋಯುವುದುಂಟಲ್ಲ, ಅಂಥದೇ ಇದು ಎಂದು ಹಲವು ವಿಜ್ಞಾನಿಗಳ ಮತ. ಯಂತ್ರಗಳ ನಡುವೆ ದುಡಿದವರಿಗೆ ಇದು ಹೆಚ್ಚು. ನಾನಾದರೋ ಯೌವನದಲ್ಲಿ ಆಟಕ್ಕೆ ಹೋದರೆ ಚೆಂಡೆಯ ಮಗ್ಗುಲಲ್ಲೇ ಕುಳಿತು ಬೆಳಗು ಮಾಡುತ್ತಿದ್ದವನು; ಆ ಸುಖಕ್ಕೆ ಈಗ ಬಡ್ಡಿ ಕಟ್ಟುತ್ತಿದ್ದೇನೋ ಏನೋ. ಆಡಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಇನ್ನೂ ಸ್ವಾರಸ್ಯವಾದ ಪ್ರಯೋಗವೊಂದಿದೆ. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು, ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಶಬ್ದವೇ ಹೊಗದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸಿತೆಂದು ಬರೆಯಹೇಳಿದರು. ನೂರಕ್ಕೆ 94 ಮಂದಿಗೆ ಏನೋ ಒಂದು ಸದ್ದು ಕೇಳಿಸಿತ್ತು: ಗುಂಯ್ಗುಡುವುದು, ಮೊರೆಯುವುದು, ಸಿಳ್ಳು. ಹಾಗಾದರೆ ಈ ಜೀರುಂಡೆ ಬಹುಮಟ್ಟಿಗೆ ಎಲ್ಲರ ಕಿವಿಯಲ್ಲಿಯೂ ಉಂಟು. ಕೇಳಬೇಕೆಂದು ಕುಳಿತರೆ ಹಾಡುತ್ತದೆ. ಇತ್ತೀಚಿನ ಲೆಕ್ಕಾಚಾರಗಳಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಕಿವಿಮೊರೆತದ ಅನುಭವವಿದೆ. ಅದರಿಂದ ತೀವ್ರವಾಗಿ ಬಾಧೆಪಡುವವರು ನೂರಕ್ಕೆ 2ರಷ್ಟು ಮಾತ್ರ. ಉಳಿದವರು ಅದೃಷ್ಟವಂತರೆನ್ನಲೇ? ಅವರ ಮನಸ್ಸು ಆ ಸದ್ದಿಗೆ ಮಣೆ ಹಾಕಿ ಕೂರಿಸಲಿಲ್ಲ, ಅಷ್ಟೆ.

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯಾಸ್ತ್ರೆಬೊಫ್ ಎಂಬ ವಿಜ್ಞಾನಿ 1990ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬಂದ ಸದ್ದು ಹಿತವೋ ಅಹಿತವೋ ಎಂದು ಬೆಲೆ ಕಟ್ಟುವ ಬೇರೊಂದು ವ್ಯವಸ್ಥೆ ನಮ್ಮ ಮಿದುಳಿನಲ್ಲಿದೆ. ಭಯ, ಕೋಪ, ಮಮತೆಗಳಿಗೆ ಅದೇ ತವರು. ಅದು ಒಂದು ಸದ್ದಿಗೆ 'ಅಪಾಯ' ಎಂಬ ಚೀಟಿ ಅಂಟಿಸಿತೋ, ಆ ಬಳಿಕ ಗಮನ ಅದನ್ನು ಬಿಡದು. ಗಮನ ಕೊಟ್ಟಷ್ಟೂ ಸದ್ದು ದೊಡ್ಡದು, ದೊಡ್ಡದಾದಷ್ಟೂ ಭಯ, ಭಯವಾದಷ್ಟೂ ಗಮನ. ಗಾಣದೆತ್ತು ಸುತ್ತುವುದು ಹೀಗೆಯೇ. ತೊಟ್ಟಿಲ ಮಗು ಕೊಂಚ ಮಿಸುಕಿದರೆ ಗುಡುಗಿಗೂ ಏಳದ ತಾಯಿ ಎಚ್ಚರಗೊಳ್ಳುವುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನನ್ನ ಮಿದುಳಿನಲ್ಲಿ ಆ ತಾಯಿಯ ಸ್ಥಾನದಲ್ಲಿ 2018ರ ಗುಡ್ಡ ಕುಳಿತಿತ್ತು.

ಇಲ್ಲಿ ನಮ್ಮ ಹಿರಿಯರ ಮಾತನ್ನು ನೆನೆಯದೆ ಮುಂದೆ ಹೋಗಲಾರೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಕಿವಿಯ ರೋಗಗಳು 28 ಎಂದು ಎಣಿಸುತ್ತದೆ. ಅವುಗಳಲ್ಲಿ ಕರ್ಣನಾದವೂ ಒಂದು, ಕರ್ಣಕ್ಷ್ವೇಡ ಇನ್ನೊಂದು. ಭೇರಿ, ಮೃದಂಗ, ಶಂಖಗಳಂತೆ ಕೇಳಿದರೆ ಮೊದಲನೆಯದು, ಕೊಳಲಿನಂತೆ ಕೇಳಿದರೆ ಎರಡನೆಯದು ಎಂದು ನಮ್ಮ ವೈದ್ಯಗ್ರಂಥಗಳು ಭೇದ ಮಾಡಿವೆ. ಇನ್ನು ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶವನ್ನು ತೆರೆಯಿರಿ. ಕಿವಿಗಳನ್ನು ಮುಚ್ಚಿ, ಬಲಗಿವಿಯಲ್ಲಿ ಒಳಗಿನ ನಾದವನ್ನು ಆಲಿಸು ಎನ್ನುತ್ತಾನೆ ಸ್ವಾತ್ಮಾರಾಮ. ಮೊದಲು ಕಡಲು, ಮೋಡ, ಭೇರಿ. ನಡುವೆ ಮದ್ದಳೆ, ಶಂಖ, ಗಂಟೆ. ಕಡೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಗು ಬಂದಿತು. ವೈದ್ಯನ ರೋಗವೂ ಯೋಗಿಯ ಸಾಧನೆಯೂ ಒಂದೇ ವಾದ್ಯಮೇಳವನ್ನು ಇಟ್ಟುಕೊಂಡಿವೆ! ಭೇರಿಯೂ ಶಂಖವೂ ಕೊಳಲೂ ಎರಡರಲ್ಲಿಯೂ ಇವೆ.

ಮಿತ್ರರೊಬ್ಬರು ಇದನ್ನೇ ಹಿಡಿದು, "ನಿಮಗೆ ಅನಾಹತ ನಾದ ಸಿದ್ಧಿಸಿದೆ, ಚಿಂತೆ ಯಾಕೆ?" ಎಂದರು. ನಾನು ಒಪ್ಪಲಿಲ್ಲ. ನೋವನ್ನು ಪುಣ್ಯವೆಂದು ಕರೆದು ಸುಮ್ಮನಾಗಿಸುವುದು ನನಗೆ ಹಿಡಿಸದು. ಯೋಗಿ ತಾನಾಗಿ ಕೇಳಲು ಕುಳಿತ, ಬೇಡವೆನಿಸಿದಾಗ ಏಳಬಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಒಂದು ಮಾತನ್ನು ಆ ಗ್ರಂಥದಿಂದ ತೆಗೆದುಕೊಂಡೆ: ಸದ್ದಿನಿಂದ ಓಡಬೇಕಾದದ್ದಿಲ್ಲ ಎಂಬ ಧೈರ್ಯ. ಹೆದರದೆ ಅದರೊಡನೆ ಕುಳಿತವರು ನಮ್ಮಲ್ಲೇ ಆಗಿಹೋಗಿದ್ದಾರೆ.

ಪಶ್ಚಿಮದವರ ಕತೆಗಳೂ ಇವೆ. ಬೀಥೋವನ್ 1801ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಹಗಲಿರುಳೂ ಮೊರೆಯುವ ಕಿವಿಗಳನ್ನು ಕುರಿತು ಗೋಳಿಟ್ಟಿದ್ದಾನೆ. ರೂಸೋ ಯೌವನದಲ್ಲಿ ಒಂದು ದಿನ ಹಠಾತ್ತಾಗಿ ಕಿವಿಯಲ್ಲಿ ಕೋಲಾಹಲವೆದ್ದು, ಇನ್ನು ಸತ್ತೆನೆಂದೇ ಹಾಸಿಗೆ ಹಿಡಿದ; ಹರಿಯುವ ನೀರಿನ ಸದ್ದೂ ಅದರಲ್ಲಿ ಇತ್ತಂತೆ. ಸಾಯಲಿಲ್ಲ. ಮೂವತ್ತು ವರ್ಷಗಳ ಮೇಲೆ ಆತ್ಮಕಥೆಯನ್ನು ಬರೆಯುವಾಗಲೂ ಆ ಸದ್ದು ಅವನೊಡನಿತ್ತು. ಅಷ್ಟರೊಳಗೆ ಅವನ ದೊಡ್ಡ ಗ್ರಂಥಗಳೆಲ್ಲ ಬರೆದಾಗಿದ್ದವು. ನನಗೆ ಎಲ್ಲರಿಗಿಂತ ಹತ್ತಿರದವನೆನಿಸುವವನು ಬೊಹೀಮಿಯದ ಸ್ಮೆತಾನ. 1874ರಲ್ಲಿ ಅವನ ಕಿವಿ ಸಂಪೂರ್ಣ ಕೆಟ್ಟಿತು. ಅದೇ ವರ್ಷದ ಕೊನೆಯಲ್ಲಿ, ಏನೂ ಕೇಳದವನಾಗಿ, ತನ್ನ ನಾಡಿನ ವಲ್ತಾವ ಹೊಳೆಯನ್ನು ಕುರಿತು ವಾದ್ಯಕೃತಿಯೊಂದನ್ನು ರಚಿಸಿದ. ಎರಡು ತೊರೆಗಳು ಕೂಡಿ ಹೊಳೆಯಾಗಿ ಹರಿಯುವುದು ಅದರಲ್ಲಿ ಕೇಳುತ್ತದೆ. 1876ರಲ್ಲಿ 'ನನ್ನ ಬಾಳಿನಿಂದ' ಎಂಬ ನಾಲ್ಕು ತಂತಿವಾದ್ಯಗಳ ಕೃತಿ. ಕೊನೆಯ ಭಾಗದಲ್ಲಿ ಕುಣಿತ ನಡೆದಿರುವಂತೆಯೇ ಎಲ್ಲವೂ ಥಟ್ಟನೆ ನಿಂತು, ಒಂದು ಪಿಟೀಲು ಅತ್ಯುಚ್ಚ ಸ್ವರವೊಂದನ್ನು ಬಹಳ ಹೊತ್ತು ಎಳೆಯುತ್ತದೆ. ಅದು ಅವನ ಕಿವಿಯಲ್ಲಿ ಮೊಳಗಿದ ಸ್ವರದ ಗುರುತು. ಮಗಳು ತನ್ನ ಮೊಬೈಲಿನಲ್ಲಿ ಅದನ್ನು ಕೇಳಿಸಿದಾಗ ನಾನು ಕೂತಲ್ಲೇ ಕಣ್ಣೊರೆಸಿಕೊಂಡೆ. ಯಾರಿಗೂ ಕೇಳಿಸಲಾಗದೆಂದು ನಾನು ದುಃಖಿಸುತ್ತಿದ್ದುದನ್ನು ಅವನು ಸಭೆಯ ನಡುವೆ ಕೇಳಿಸಿಬಿಟ್ಟಿದ್ದ. ಅವನ ಅಂತ್ಯ ಸುಖವಾಗಿರಲಿಲ್ಲ. 1884ರಲ್ಲಿ ಬುದ್ಧಿಭ್ರಮಣೆಯಾಗಿ ಚಿಕಿತ್ಸಾಲಯದಲ್ಲಿ ಸತ್ತ. ಇದನ್ನು ಮುಚ್ಚಿಟ್ಟು ಅವನನ್ನು ಆದರ್ಶವೆಂದು ತೋರಿಸುವುದು ನ್ಯಾಯವಲ್ಲ.

ಶ್ರವಣತಜ್ಞೆ ನನಗೆ ವಿಧಿಸಿದ್ದು ಕೇವಲ ಸಾಮಾನ್ಯವಾದ ಕೆಲಸಗಳು. ರಾತ್ರಿ ಕಿಟಕಿ ಮುಚ್ಚಬೇಡಿ, ಹೊಳೆಯ ಸದ್ದು ಒಳಕ್ಕೆ ಬರಲಿ. ಪೂರ್ಣ ಮೌನದಲ್ಲಿ ಮಲಗಬೇಡಿ. ನಿಮ್ಮ ಸದ್ದು ಇದೆಯೇ ಎಂದು ಪರೀಕ್ಷಿಸಬೇಡಿ. ಇದರ ಜೊತೆಗೆ ಒಂದು ಪುಸ್ತಕವಿಟ್ಟು, ಸದ್ದು ಕೇಳಿದಾಗ ಮನಸ್ಸು ಏನು ಹೇಳಿತೆಂದು ಬರೆಯಬೇಕು. ಮೊದಲ ಪುಟದಲ್ಲಿ ನಾನು ಬರೆದದ್ದು: 'ಗುಡ್ಡ ಬರುತ್ತಿದೆ.' ಕೆಳಗೆ, ಅದಕ್ಕೆ ಆಧಾರವೇನೆಂದು ಬರೆಯಬೇಕು. ಆಧಾರ: 'ಕಿವಿಯಲ್ಲಿ ಸದ್ದು.' ಎಷ್ಟು ದಿನದಿಂದ? 'ಎರಡೂವರೆ ವರ್ಷ.' ಅಷ್ಟರಲ್ಲಿ ಗುಡ್ಡ ಎಷ್ಟು ಸಲ ಬಂತು? ಮಕ್ಕಳ ಉತ್ತರಪತ್ರಿಕೆಯನ್ನು ಜೀವಮಾನವಿಡೀ ತಿದ್ದಿದವನಿಗೆ ತನ್ನ ಉತ್ತರದ ತಪ್ಪು ಕಾಣದೇ? ಕಂಡಿತು. ಆದರೆ ಕಂಡ ಮಾತ್ರಕ್ಕೆ ಭಯ ಹೋಗಲಿಲ್ಲ. ಬುದ್ಧಿ ಒಪ್ಪಿದ್ದನ್ನು ಒಡಲು ಒಪ್ಪಲು ತಿಂಗಳುಗಳೇ ಬೇಕು. ಇಂಥ ಮನೋಚಿಕಿತ್ಸೆಯಿಂದ ಬಾಳಿನ ಮೇಲೆ ಕಿವಿಮೊರೆತದ ಬಾಧೆ ತಗ್ಗುತ್ತದೆಂದು 2020ರ ಕೊಕ್ರೇನ್ ಸಮೀಕ್ಷೆ ಹೇಳಿದೆ. ಸದ್ದೇ ಇಲ್ಲವಾಗುತ್ತದೆಂದು ಅದು ಎಲ್ಲಿಯೂ ಹೇಳಿಲ್ಲ. ಹಾಗೆಂದು ಎಲ್ಲವೂ ಮನಸ್ಸಿನದೇ ಎಂದು ತಿಳಿದು ಯಾರೂ ಮನೆಯಲ್ಲಿ ಕೂರಬಾರದು. ಒಂದೇ ಕಿವಿಯಲ್ಲಿ ಸದ್ದು, ನಾಡಿಯೊಡನೆ ಬಡಿಯುವ ಸದ್ದು, ಥಟ್ಟನೆ ಕಿವುಡಾಗುವುದು, ತಲೆಸುತ್ತು, ಇವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನನಗೆ ನಿಜವಾದ ಪಾಠವಾದುದು ಬೇರೊಂದು ಕಡೆಯಿಂದ. 2022ರ ಜೂನ್ ಕೊನೆಯ ವಾರ ನಮ್ಮ ಕಡೆಯ ನೆಲ ನಡುಗಿತು. ಚೆಂಬು, ಸಂಪಾಜೆ, ಕಲ್ಲುಗುಂಡಿ, ಗೂನಡ್ಕ, ಎಲ್ಲೆಡೆಯೂ ಜನ ಮನೆಯಿಂದ ಹೊರಗೋಡಿದರು. ಮಾಪನದಲ್ಲಿ ಅದು 3ರ ಸುಮಾರು, ದೊಡ್ಡದೇನಲ್ಲ. ಆದರೆ ಕಂಪನದ ಜೊತೆ ನೆಲದೊಳಗಿನಿಂದ ಗುಡುಗಿನಂಥ ಸದ್ದು ಬಂದಿತ್ತು. ಪಾತ್ರೆಗಳು ಅಲುಗಿದವು, ನಮ್ಮ ಚಾವಡಿಯ ಗೋಡೆಯಲ್ಲಿ ಕೂದಲೆಳೆಯ ಬಿರುಕು ಮೂಡಿತು. ಮತ್ತೆ ಕೆಲವು ದಿನ ಹೀಗೇ ಬಂದು ಹೋಯಿತು. ಮಳೆ ಬೇರೆ ಹಿಡಿದಿತ್ತು.

ಆಗ ಇಡೀ ಊರು ಆಲಿಸತೊಡಗಿತು. ಅಂಗಡಿಯ ಜಗಲಿಯಲ್ಲಿ ಮಾತಾಡುತ್ತಿದ್ದವರು ನಡುವೆಯೇ ಕೈಯೆತ್ತಿ ತಡೆದು, "ಈಗ ಕೇಳಿತಾ?" ಎನ್ನುವರು. ಘಟ್ಟದಲ್ಲಿ ಲಾರಿ ಗೇರು ಬದಲಿಸಿದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಬರುವರು. ದೂರದ ಗುಡುಗು, ರಬ್ಬರು ತೋಟದಲ್ಲಿ ಮರ ಬಿದ್ದದ್ದು, ಅಟ್ಟದ ಮೇಲೆ ಇಲಿ ಓಡಿದ್ದು, ಎಲ್ಲವೂ ಭೂಕಂಪವೇ. ನಮ್ಮ ಪಕ್ಕದ ಮನೆಯ ಅಕ್ಕ, 2018ರಲ್ಲಿ ತವರಿನ ತೋಟ ಕೊಚ್ಚಿಹೋದುದನ್ನು ಕಂಡವಳು, ಜಾಗದ ದಾಖಲೆಗಳನ್ನೂ ಮಗಳ ಸರವನ್ನೂ ಒಂದು ಚೀಲದಲ್ಲಿ ಕಟ್ಟಿ ತಲೆಗಿಂಬಿನ ಬಳಿಯಿಟ್ಟು ಮಲಗುತ್ತಿದ್ದಳು. ಒಂದು ರಾತ್ರಿ ನಾನು ಅಂಗಳದಲ್ಲಿ ನಿಂತಿರುವಾಗ ಬೇಲಿಯಾಚೆ ಅವಳ ಟಾರ್ಚೂ ಕಂಡಿತು.

"ಮಾಸ್ಟ್ರೇ, ನಿಮಗೂ ಕೇಳಿತಾ?" ಎಂದಳು.

"ಎಂತದಕ್ಕ?"

"ಗುಂಯ್ ಅಂತ. ನೆಲದ ಒಳಗಿಂದ. ಗಂಟೆ ಆಯ್ತು, ನಿಲ್ಲುವುದೇ ಇಲ್ಲ ಮಾರಾಯ್ರೆ."

ಅವಳ ಕಿವಿಗೆ ಯಾವ ದೋಷವೂ ಇರಲಿಲ್ಲ. ಮಳೆ ಬಿಟ್ಟಿತ್ತು, ಹೊಳೆ ತುಂಬಿ ಮೊರೆಯುತ್ತಿತ್ತು. ನಾನು ಇಷ್ಟು ವರ್ಷ ಸುಳ್ಳು ಸದ್ದಿನ ಜೊತೆ ಬಾಳಿ, ನನ್ನದಾವುದು ಹೊರಗಿನದಾವುದೆಂದು ಒಂದು ರೀತಿಯ ಪರಿಣತಿಯನ್ನು ಗಳಿಸಿದ್ದೆ. ಸ್ವಲ್ಪ ಹೊತ್ತು ಆಲಿಸಿ, "ಹೊಳೆ ಅಕ್ಕ, ಹೊಳೆಯೇ. ಸೇತುವೆಯ ಅಡಿಯಿಂದ ಬರುವುದು" ಎಂದೆ. ಅವಳು ನಂಬಲಿಲ್ಲ, ಆದರೆ ನಾನು ಹೇಳಿದೆನೆಂದು ಒಳಗೆ ಹೋದಳು. ನನ್ನ ಅವಸ್ಥೆಯನ್ನು ನಾನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಬೇಲಿಯಾಚೆ ಆ ಬೆಳಕು ಅತ್ತಿತ್ತ ಅಲೆದಾಡಿದ್ದು, ಕಟ್ಟಿದ ಚೀಲ, ಒದ್ದೆಯಾದ ಸೆರಗು, ಇವು ಕಣ್ಣಿಗೆ ಕಟ್ಟಿವೆ. ಅವಳಿಗೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ನನ್ನ ಮೇಲೆ ಮಾತ್ರ ನಾಲ್ಕು ವರ್ಷ ಸಿಟ್ಟು ಮಾಡಿಕೊಂಡಿದ್ದೆ. ಗುಡ್ಡ ಕುಸಿದದ್ದು ಸುಳ್ಳಲ್ಲ, ನೆಲ ನಡುಗಿದ್ದು ಸುಳ್ಳಲ್ಲ. ಹೆದರಿದ ಜೀವ ಕಿವಿಗೊಟ್ಟು ಕುಳಿತಿರುವುದರಲ್ಲಿ ನಾಚಿಕೆಪಡತಕ್ಕದ್ದೇನಿದೆ? ಅಂದು ರಾತ್ರಿ ಒಳಗೆ ಬಂದು ಮಲಗಿದಾಗ ಸದ್ದು ಇತ್ತು. ಇರಲೆಂದುಕೊಂಡೆ. ಎಷ್ಟು ಹೊತ್ತಿಗೆ ನಿದ್ದೆ ಬಂತೋ ತಿಳಿಯಲಿಲ್ಲ.

ಗುಣವಾಯಿತೆಂದು ಬರೆದರೆ ಸುಳ್ಳಾದೀತು. ಮಾಗಿಯಲ್ಲಿ ಹೊಳೆ ಬಡಕಲಾದಾಗ ಜೀರುಂಡೆ ಮೇಲೇಳುತ್ತದೆ. ಜ್ವರ ಬಂದ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ, ಅದಕ್ಕೆ ಹಬ್ಬ. ಆಟಕ್ಕೆ ಹೋದರೆ ಈಗ ಹಿಂದಿನ ಸಾಲಿನಲ್ಲಿ, ಕಿವಿಗೆ ರಬ್ಬರಿನ ಬಿರಡೆಯಿಟ್ಟು ಕೂರುತ್ತೇನೆ. ಚೆಂಡೆ ಪಕ್ಕದೂರಿನಲ್ಲಿ ಬಾರಿಸಿದಂತೆ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೆ. ತಾಳಮದ್ದಳೆ ಮುಗಿದು, ಅರ್ಥ ಹೇಳಿದವರೆಲ್ಲ ಎದ್ದು, ಮದ್ದಳೆಗೆ ಗವಸು ಹಾಕುವಾಗ ಚಾವಡಿಯಲ್ಲಿ ಕ್ಷಣಕಾಲ ಇಳಿಯುತ್ತಿದ್ದ ಆ ಮೌನವನ್ನು ನಾನು ಇನ್ನು ಕೇಳಲಾರೆ. ಅದಕ್ಕಾಗಿ ಒಮ್ಮೊಮ್ಮೆ ದುಃಖವಾಗುತ್ತದೆ, ಸತ್ತವರನ್ನು ನೆನೆದಂತೆ. ಆ ದುಃಖವನ್ನು ಪುಸ್ತಕದಲ್ಲಿ ಬರೆದು ಆಧಾರ ಕೇಳಲು ಹೋಗಿಲ್ಲ.

ಕಳೆದ ಆಟಿಯ ಒಂದು ರಾತ್ರಿ ಜೋರು ಗಾಳಿಮಳೆ. ಧೊಪ್ಪೆಂದು ಸದ್ದಾಗಿ ಇಬ್ಬರಿಗೂ ಎಚ್ಚರವಾಯಿತು. ಹಳೆಯ ಅಭ್ಯಾಸದಂತೆ ನನ್ನ ಕೈ ಟಾರ್ಚಿನ ಮೇಲೆ ಹೋಗಿತ್ತು.

"ಎಂತದು?" ಎಂದಳು ಮನೆಯಾಕೆ, ಕತ್ತಲೆಯಲ್ಲಿ.

ಕಿವಿಗೊಟ್ಟೆ. ಜೀರುಂಡೆ ತನ್ನಷ್ಟಕ್ಕೆ ಎಳೆಯುತ್ತಿತ್ತು. ಅದರಾಚೆ ಮಳೆ, ಮಳೆಯಾಚೆ ಹೊಳೆ.

"ಸೋಗೆ ಬಿದ್ದದ್ದು" ಎಂದೆ.

"ಹಾಂ" ಎಂದು ಅವಳು ಮಗ್ಗುಲು ತಿರುಗಿದಳು. ಸ್ವಲ್ಪ ಹೊತ್ತಿಗೆಲ್ಲ ಅವಳ ಗೊರಕೆ ಶುರುವಾಯಿತು. ಅದು 6 ಡೆಸಿಬಲ್‌ಗಿಂತ ಖಂಡಿತ ಹೆಚ್ಚಿತ್ತು.